ಕೈಗುಣ

ಡಾಕ್ಟರನ್ನು ಹೊಗಳುವಾಗ ನಮ್ಮ ಕಡೆ ಅವರ ಓದನ್ನಾಗಲಿ ಪದವಿಯನ್ನಾಗಲಿ ಯಾರೂ ಎತ್ತುವುದಿಲ್ಲ. "ಅವರ ಕೈಗುಣ ಚೆನ್ನಾಗಿದೆ" ಎಂದರೆ ಮುಗಿಯಿತು. ಚೊಚ್ಚಲ ಬಸುರಿಯನ್ನು ಯಾವ ನರ್ಸಿಂಗ್ ಹೋಮ್‌ಗೆ ಸೇರಿಸಬೇಕೆಂಬ ಮಾತು ಬಂದಾಗಲೂ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಯಾರನ್ನು ಕರೆಸಬೇಕೆಂಬ ಮಾತು ಬಂದಾಗಲೂ ಮನೆಯ ಹಿರಿಯರು ಕೈಗುಣವನ್ನೇ ಕೇಳುತ್ತಾರೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದಾಗಲೂ ಜನ ನೆನೆದದ್ದು ಆ ತಾಯಿಯ ಕೈಗುಣವನ್ನೇ.

ಕೈಗುಣ ಎಂದರೆ ಹುಟ್ಟಿನಿಂದ ಬಂದದ್ದು, ದೈವದತ್ತವಾದದ್ದು ಎಂದು ನಾವು ತಿಳಿದಿದ್ದೇವೆ. ಇಂಥವರ ಕೈ ಸೋಂಕಿದರೆ ಬದುಕುತ್ತಾರೆ, ಇಂಥವರ ಕೈ ಸೋಂಕಿದರೆ ಬದುಕುವುದಿಲ್ಲ ಎಂಬ ಈ ಅನುಭವದಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೆ ಕೊಟ್ಟುಕೊಂಡ ಕಾರಣ ಮಾತ್ರ ಬೇರೆಯಾಗಿತ್ತು. ನಿಜವಾದ ಕಾರಣ ತಿಳಿಯುವ ಹೊತ್ತಿಗೆ ಎಷ್ಟು ಲಕ್ಷ ತಾಯಂದಿರು ಬಾಣಂತನದಲ್ಲೇ ಮಣ್ಣು ಸೇರಿದರೋ ಲೆಕ್ಕ ಇಟ್ಟವರಿಲ್ಲ.

ಕೈ ತೊಳೆಯುವುದೇನೂ ನಮಗೆ ಹೊಸದಲ್ಲ. ಮಡಿ-ಮೈಲಿಗೆಯ ಮನೆಗಳಲ್ಲಿ ದಿನಕ್ಕೆ ಎಷ್ಟು ಬಾರಿ ಕೈಕಾಲು ತೊಳೆಯುತ್ತಿದ್ದೆವೆಂದು ನೆನೆಸಿಕೊಂಡರೆ ಈಗಲೂ ಬೆರಳು ಚಳಿಗಟ್ಟುತ್ತವೆ. ಆದರೆ ಒಂದು ವಿಚಾರವನ್ನು ಗಮನಿಸಬೇಕು. ಹೆರಿಗೆಯಾದ ಮನೆಗೆ ಪುರುಡು. ಕರಾವಳಿಯವರು ಅಮೆ ಎನ್ನುತ್ತಾರೆ. ಹತ್ತು ದಿನ ಬಾಣಂತಿಯನ್ನು ಮುಟ್ಟುವಂತಿಲ್ಲ. ಮುಟ್ಟಿದವರು ಸ್ನಾನ ಮಾಡಬೇಕು. ಅಂದರೆ ಮೈಲಿಗೆ ಇರುವುದು ಬಾಣಂತಿಯಲ್ಲಿ, ಕಾಪಾಡಿಕೊಳ್ಳಬೇಕಾದವರು ಮುಟ್ಟುವವರು. ಆಕೆಯನ್ನು ಮುಟ್ಟಿದ ಮೇಲೆ ತೊಳೆದುಕೊಳ್ಳಿ ಎಂದು ಹೇಳಿದ ಶಾಸ್ತ್ರಗಳು ಉಂಟು. ಆಕೆಯನ್ನು ಮುಟ್ಟುವ ಮುನ್ನ ತೊಳೆದುಕೊಳ್ಳಿ, ನಿಮ್ಮ ಕೈಯಲ್ಲಿರುವುದು ಆಕೆಗೆ ಹತ್ತೀತು ಎಂದು ನನ್ನ ಅಜ್ಜಿಯ ಕಾಲದ ಮನೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. 'ಮೇಲೆ' ಮತ್ತು 'ಮುನ್ನ' ಎಂಬ ಈ ಎರಡು ಸಣ್ಣ ಮಾತುಗಳ ನಡುವಿನ ಅಂತರವೇ ಈ ಚರಿತ್ರೆಯ ತಿರುಳು.

ಇದು ನಮ್ಮೊಬ್ಬರದೇ ಕುರುಡಲ್ಲ. ವಿದ್ಯೆಗೆ ಹೆಸರಾದ ಯೂರೋಪಿನಲ್ಲೂ ಹೀಗೆಯೇ ಇತ್ತು. ಆಸ್ಟ್ರಿಯಾದ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗಾಗಿ ಎರಡು ಹೆರಿಗೆ ವಿಭಾಗಗಳಿದ್ದವು. 1840ರಿಂದ ಮೊದಲನೆಯ ವಿಭಾಗವನ್ನು ವೈದ್ಯ ವಿದ್ಯಾರ್ಥಿಗಳ ಕಲಿಕೆಗೂ ಎರಡನೆಯದನ್ನು ಸೂಲಗಿತ್ತಿಯರ ಕಲಿಕೆಗೂ ಬಿಟ್ಟುಕೊಟ್ಟರು. ಬಂದ ಬಸುರಿಯರನ್ನು ದಿನದ ಸರದಿಯಂತೆ ಒಂದಕ್ಕೋ ಇನ್ನೊಂದಕ್ಕೋ ಸೇರಿಸಿಕೊಳ್ಳುತ್ತಿದ್ದರು. ಕಟ್ಟಡ ಅಕ್ಕಪಕ್ಕ, ಊಟ ಒಂದೇ, ಗಾಳಿ ಒಂದೇ. ಆದರೆ 1841ರಿಂದ 1846ರವರೆಗಿನ ಆರು ವರ್ಷಗಳಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ 20,042 ತಾಯಂದಿರಲ್ಲಿ 1,989 ಮಂದಿ ಸತ್ತರು. ಎರಡನೆಯದರಲ್ಲಿ 17,791ಕ್ಕೆ 691 ಮಂದಿ. ಕಲಿತ ಡಾಕ್ಟರುಗಳ ಕಡೆ ನೂರಕ್ಕೆ ಹತ್ತು, ಸೂಲಗಿತ್ತಿಯರ ಕಡೆ ನೂರಕ್ಕೆ ನಾಲ್ಕು ಎಂದು ಇಟ್ಟುಕೊಳ್ಳಿ. ಹೆರಿಗೆಯಾಗಿ ಒಂದೆರಡು ದಿನಕ್ಕೆ ಚಳಿಜ್ವರ, ಕಿಬ್ಬೊಟ್ಟೆ ಉಬ್ಬರ, ತಡೆಯಲಾಗದ ನೋವು, ಆಮೇಲೆ ಸಾವು. ಇದೇ ಬಾಣಂತಿ ಜ್ವರ.

ಈ ಲೆಕ್ಕ ಪುಸ್ತಕದಲ್ಲಿ ಕುಳಿತಿತ್ತು. ಆದರೆ ಪುಸ್ತಕ ಓದಲು ಬಾರದ ಹೆಂಗಸರಿಗೆ ಅದು ಮೊದಲೇ ಗೊತ್ತಿತ್ತು! ಮೊದಲನೆಯ ವಿಭಾಗದ ಸರದಿಯ ದಿನ ಬಂದವರು ಮೊಣಕಾಲೂರಿ, ಕೈ ಮುಗಿದು, ತಮ್ಮನ್ನು ಬಿಟ್ಟುಬಿಡಿ ಎಂದು ಬೇಡುತ್ತಿದ್ದರಂತೆ. ದಾರಿಯಲ್ಲೇ ಹೆತ್ತು ಮಗುವನ್ನು ಮಡಿಲಲ್ಲಿ ಸುತ್ತಿಕೊಂಡು ಬಂದವರಿಗೆ ಈ ಜ್ವರ ಬರುತ್ತಿದ್ದುದು ಕಡಿಮೆ. ಬೀದಿಗಿಂತ ಆಸ್ಪತ್ರೆ ಅಪಾಯವಾಗಿತ್ತು. ಹೆಂಗಸರ ಈ ಭಯವನ್ನು ಡಾಕ್ಟರುಗಳು ಮೂಢನಂಬಿಕೆಯೆಂದೇ ಎಣಿಸಿದರು. ಭಯಪಟ್ಟದ್ದರಿಂದಲೇ ಜ್ವರ ಬರುತ್ತದೆ ಎಂದವರೂ ಇದ್ದರು.

ಹಾಗೆ ಎಣಿಸದವನು ಒಬ್ಬನಿದ್ದ. 1846ರಲ್ಲಿ ಮೊದಲನೆಯ ವಿಭಾಗಕ್ಕೆ ಸಹಾಯಕ ವೈದ್ಯನಾಗಿ ಬಂದ ಇಗ್ನಾಜ್ ಸೆಮ್ಮೆಲ್‌ವೈಸ್. ಬುಡಾ ಊರಿನವನು, 28ರ ಪ್ರಾಯ. ಎರಡು ವಿಭಾಗಗಳ ನಡುವೆ ಏನೇನು ವ್ಯತ್ಯಾಸವಿದೆಯೋ ಒಂದೊಂದನ್ನೇ ತೆಗೆದು ನೋಡಿದ. ಸೂಲಗಿತ್ತಿಯರು ಬಸುರಿಯರನ್ನು ಮಗ್ಗುಲಾಗಿ ಮಲಗಿಸುತ್ತಾರೆ. ಇಲ್ಲೂ ಹಾಗೆಯೇ ಮಲಗಿಸಿ ನೋಡಿದ. ಸಾಯುವವರಿಗೆ ಕೊನೆಯ ಪ್ರಾರ್ಥನೆ ಹೇಳಲು ಪಾದ್ರಿ ಗಂಟೆ ಬಾರಿಸಿಕೊಂಡು ವಾರ್ಡಿನ ಉದ್ದಕ್ಕೂ ಹಾಯ್ದು ಹೋಗುತ್ತಾನೆ, ಅದನ್ನು ಕೇಳಿ ಉಳಿದವರ ಎದೆ ಒಡೆಯುತ್ತಿರಬಹುದೆಂದು ಆ ಗಂಟೆಯನ್ನೂ ನಿಲ್ಲಿಸಿದ. ಸಾವು ನಿಲ್ಲಲಿಲ್ಲ.

1847ರ ಮಾರ್ಚಿಯಲ್ಲಿ ಅವನ ಗೆಳೆಯ, ಪ್ರೊಫೆಸರ್ ಕೊಲೆಚ್ಕ ಎಂಬುವರು ಶವಪರೀಕ್ಷೆ ಮಾಡಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಾಗಿತು. ಅಷ್ಟಕ್ಕೇ ನಂಜೇರಿ ತೀರಿಕೊಂಡರು. ಅವರ ದೇಹದಲ್ಲಿ ಕಂಡ ಗುರುತುಗಳು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದವೇ ಆಗಿದ್ದವು. ಸೆಮ್ಮೆಲ್‌ವೈಸ್‌ಗೆ ಥಟ್ಟನೆ ಹೊಳೆಯಿತು. ಅವನೂ ಅವನ ವಿದ್ಯಾರ್ಥಿಗಳೂ ಬೆಳಗ್ಗೆ ಶವ ಕೊಯ್ದು, ಕೈಯನ್ನು ಹಾಗೆ ಹೀಗೆ ತೊಳೆದು, ಅಲ್ಲಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬಂದು ಅದೇ ಕೈಯನ್ನು ಬಸುರಿಯರ ಒಳಗೆ ಹಾಕಿ ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಇಷ್ಟೇ ವ್ಯತ್ಯಾಸ.

ರೋಗಾಣು ಎಂಬ ಮಾತೇ ಆಗ ಬಳಕೆಯಲ್ಲಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಸೋಪು ಹಾಕಿ ತೊಳೆದರೂ ಕೈಯಲ್ಲಿ ಹೆಣದ ವಾಸನೆ ಉಳಿಯುತ್ತದೆ ಎಂಬುದೊಂದೇ. ವಾಸನೆ ಹೋಗಲೆಂದು ಕ್ಲೋರಿನ್ ಬೆರೆತ ಸುಣ್ಣದ ನೀರು, ನಾವು ಈಗ ಬಾವಿಗೆ ಹಾಕಿಸುವ ಬ್ಲೀಚಿಂಗ್ ಪೌಡರಿನ ನೀರು, ವಾರ್ಡಿನಲ್ಲಿ ಇಡಿಸಿದ. ಒಳಗೆ ಬರುವವರೆಲ್ಲ ಅದರಲ್ಲಿ ಕೈ ಉಜ್ಜಿ ತೊಳೆಯಲೇಬೇಕೆಂದು ಮೇ ತಿಂಗಳ ನಡುವೆ ಕಟ್ಟುಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ದರು. ಜೂನ್‌ನಲ್ಲಿ ನೂರಕ್ಕೆ ಎರಡಕ್ಕೆ ಇಳಿಯಿತು, ಜುಲೈಯಲ್ಲಿ ಇನ್ನೂ ಕಡಿಮೆ. ಮಾರನೆಯ ವರ್ಷ 1848ರಲ್ಲಿ ಎರಡು ತಿಂಗಳು ಒಂದು ಸಾವೂ ಇಲ್ಲದೆ ಕಳೆದವು.

ಇದನ್ನು ಹೇಳುವವರೆಲ್ಲ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು 1847ರ ಅಕ್ಟೋಬರಿನಲ್ಲಿ ನಡೆದದ್ದು. ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳು ಸಾಲಿನ ಮೊದಲ ಹಾಸಿಗೆಯಲ್ಲಿದ್ದಳು. ಡಾಕ್ಟರುಗಳು ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಒಳಗೆ ಬಂದಿದ್ದರು. ಅವಳನ್ನು ಪರೀಕ್ಷಿಸಿದ ಮೇಲೆ ಬರೀ ಸೋಪಿನಲ್ಲಿ ಕೈ ತೊಳೆದು ಪಕ್ಕದವಳ ಬಳಿಗೆ ಹೋದರು, ಅಲ್ಲಿಂದ ಮುಂದಿನವಳ ಬಳಿಗೆ. ಹಾಗೆ ಒಟ್ಟಿಗೆ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಶವದಿಂದ ಮಾತ್ರವಲ್ಲ, ಜೀವಂತ ರೋಗಿಯಿಂದ ರೋಗಿಗೂ ಕೈ ರೋಗವನ್ನು ಹೊರುತ್ತದೆಂದು ಅಂದು ತಿಳಿಯಿತು. ಬಾಗಿಲಲ್ಲಿ ಒಮ್ಮೆ ತೊಳೆದರೆ ಸಾಲದು, ಹಾಸಿಗೆ ಹಾಸಿಗೆಗೂ ತೊಳೆಯಬೇಕು. ಇಂದು ನರ್ಸಿಂಗ್ ಶಾಲೆಯಲ್ಲಿ ಹೇಳಿಕೊಡುವ ಪಾಠದ ಬೇರು ಆ ಹನ್ನೊಂದು ತಾಯಂದಿರ ಚಿತೆಯಲ್ಲಿದೆ ಎಂದರೆ ತಪ್ಪಲ್ಲ.

ಇಷ್ಟು ಸ್ಪಷ್ಟವಾದದ್ದನ್ನು ಜನ ಒಪ್ಪಬೇಕಿತ್ತು. ಒಪ್ಪಲಿಲ್ಲ. ಒಪ್ಪಿದರೆ ಸತ್ತವರನ್ನೆಲ್ಲ ಕೊಂದದ್ದು ನಮ್ಮ ಕೈಯೇ ಎಂದು ಒಪ್ಪಿದಂತೆ. ಅದು ಎಂಥ ದೊಡ್ಡವರಿಗೂ ಕಷ್ಟ. ಇವನಿಗಿಂತ ಅರ್ಧ ಶತಮಾನ ಮೊದಲೇ, 1795ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯ, ಈ ಜ್ವರವನ್ನು ಮನೆಯಿಂದ ಮನೆಗೆ ಒಯ್ಯುವವರು ಡಾಕ್ಟರುಗಳೂ ಸೂಲಗಿತ್ತಿಯರೂ ಎಂದು ಬರೆದ. ತಾನೂ ಹಲವರಿಗೆ ಅದನ್ನು ಹಂಚಿದವನೇ ಎಂದು ಮರೆಮಾಚದೆ ಬರೆದ. ಊರಿಗೆ ಊರೇ ತಿರುಗಿಬಿದ್ದು ಅವನು ಅಲ್ಲಿಂದ ಹೊರಡಬೇಕಾಯಿತು. 1843ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಇದೇ ಮಾತನ್ನು ಹೇಳಿದಾಗ, ಫಿಲಡೆಲ್ಫಿಯಾದ ದೊಡ್ಡ ಪ್ರಸೂತಿ ತಜ್ಞ ಚಾರ್ಲ್ಸ್ ಮೇಗ್ಸ್, ಡಾಕ್ಟರು ಎಂದರೆ ಸಭ್ಯರು, ಸಭ್ಯರ ಕೈ ಶುದ್ಧವಾಗಿಯೇ ಇರುತ್ತದೆ ಎಂಬ ಧಾಟಿಯಲ್ಲಿ ತಳ್ಳಿಹಾಕಿದ. ನಮ್ಮ ಮಡಿಯ ತರ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಅಲ್ಲಿಯೂ ಶುದ್ಧಿ ಕೈಯಲ್ಲಿರಲಿಲ್ಲ, ಅಂತಸ್ತಿನಲ್ಲಿತ್ತು.

ಸೆಮ್ಮೆಲ್‌ವೈಸ್‌ನ ಕೆಲಸ 1849ರಲ್ಲಿ ಮುಗಿಯಿತು, ಮತ್ತೆ ಮುಂದುವರಿಸಲಿಲ್ಲ. ಮಾರನೆಯ ವರ್ಷ ಅವನು ವಿಯೆನ್ನಾ ಬಿಟ್ಟು ತನ್ನೂರಿನ ಕಡೆಗೆ ಹೋದ. ಅಲ್ಲಿನ ಆಸ್ಪತ್ರೆಯಲ್ಲೂ ಬಾಣಂತಿಯರನ್ನು ಉಳಿಸಿದ. 1861ರಲ್ಲಿ ಪುಸ್ತಕ ಬರೆದ. ಒಪ್ಪದವರನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಬೈದ. ಕೊನೆಗೆ ಬುದ್ಧಿ ಕದಲಿತೆಂದು 1865ರಲ್ಲಿ ಅವನನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡೇ ವಾರದಲ್ಲಿ, ಆಗಸ್ಟ್ 13ರಂದು, ಗಾಯಕ್ಕೆ ನಂಜೇರಿ ತೀರಿಕೊಂಡ. ಯಾವ ನಂಜಿನ ವಿರುದ್ಧ ಹೋರಾಡಿದ್ದನೋ ಅದೇ ನಂಜು. ಅದರ ಹಿಂದಿನ ದಿನವೇ, ಆಗಸ್ಟ್ 12ರಂದು, ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಒಬ್ಬ ಹುಡುಗನ ಮುರಿದ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ನಂಜಾಗದಂತೆ ಉಳಿಸುವ ಪ್ರಯೋಗ ಶುರುಮಾಡಿದ್ದ. 1879ರಲ್ಲಿ ಲೂಯಿ ಪಾಶ್ಚರ್ ಪ್ಯಾರಿಸಿನ ವೈದ್ಯರ ಸಭೆಯಲ್ಲಿ ಎದ್ದುನಿಂತು ಬಾಣಂತಿ ಜ್ವರದ ರೋಗಾಣುವಿನ ಚಿತ್ರವನ್ನು, ಮಣಿ ಪೋಣಿಸಿದ ಸರದಂತೆ, ಹಲಗೆಯ ಮೇಲೆ ಬರೆದು ತೋರಿಸಿದ. ಅಲ್ಲಿಗೆ ವಾದ ಮುಗಿಯಿತು. ಅಭ್ಯಾಸ ಮಾತ್ರ ಬದಲಾಗಲಿಲ್ಲ.

ಅಭ್ಯಾಸವನ್ನು ನಿಧಾನವಾಗಿ ಬದಲಾಯಿಸಿದವರಲ್ಲಿ ದಾದಿಯರು ಮುಖ್ಯರು. ಫ್ಲಾರೆನ್ಸ್ ನೈಟಿಂಗೇಲ್ ತನ್ನ ಶುಶ್ರೂಷೆಯ ಪುಸ್ತಕದಲ್ಲಿ ದಾದಿಯಾದವಳು ದಿನದಲ್ಲಿ ಮತ್ತೆ ಮತ್ತೆ ಕೈ ತೊಳೆಯಬೇಕೆಂದು ಬರೆದಳು. ಆ ಹೊತ್ತಿಗೆ ಅವಳಿಗೂ ರೋಗಾಣುಗಳ ವಿಷಯ ತಿಳಿದಿರಲಿಲ್ಲ. ಕೈಗವಸಿನ ಕಥೆಯಂತೂ ಸ್ವಾರಸ್ಯವಾಗಿದೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಕೋಣೆಯ ಮುಖ್ಯ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್‌ಳ ಕೈಗಳು ರೋಗಾಣುನಾಶಕ ದ್ರಾವಣದಿಂದ ಸುಲಿದುಹೋಗುತ್ತಿದ್ದವು. ಅದನ್ನು ನೋಡಲಾರದೆ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1889–90ರ ಸುಮಾರಿಗೆ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳುವಾದ ಗವಸು ಮಾಡಿಸಿಕೊಟ್ಟ. 1890ರಲ್ಲಿ ಇಬ್ಬರೂ ಮದುವೆಯಾದರು. ಪ್ರೀತಿಯ ಕಾಣಿಕೆ ಎನ್ನಿ! ಆದರೆ ನೆನಪಿಡಬೇಕಾದದ್ದು ಗವಸು ಹುಟ್ಟಿದ್ದೇ ತೊಟ್ಟವರ ಕೈ ಕಾಯಲೆಂದು, ರೋಗಿಯನ್ನು ಕಾಯಲೆಂದಲ್ಲ. ಆ ಗುಣವನ್ನು ಅದು ಇಂದಿಗೂ ಪೂರ್ತಿ ಬಿಟ್ಟಿಲ್ಲ.

1930ರ ದಶಕದಲ್ಲಿ ಸಲ್ಫಾ ಮದ್ದುಗಳು ಬಂದವು, ಹಿಂದೆಯೇ ಪೆನಿಸಿಲಿನ್ ಬಂತು. ಬಾಣಂತಿ ಜ್ವರದ ಸಾವು ಸರಸರನೆ ಇಳಿಯಿತು. ಮದ್ದಿದೆಯಲ್ಲ ಎಂಬ ಧೈರ್ಯದಲ್ಲಿ ಕೈ ತೊಳೆಯುವ ಕಟ್ಟುನಿಟ್ಟು ಸಡಿಲವಾಯಿತು. ಕೊನೆಗೆ ಮದ್ದಿಗೂ ಬಗ್ಗದ ರೋಗಾಣುಗಳು ಆಸ್ಪತ್ರೆಗಳಲ್ಲೇ ಬೆಳೆದವು. ಆಗ ಎಲ್ಲರಿಗೂ ಮತ್ತೆ ಕೈಯ ನೆನಪಾಯಿತು.

ಸ್ವಿಟ್ಜರ್ಲೆಂಡಿನ ಜಿನೀವಾ ಆಸ್ಪತ್ರೆಯ ಡಾ. ಡಿಡಿಯೇ ಪಿಟೆ ಎಂಬುವರು 1994ರಿಂದ ಮೂರು ವರ್ಷ ಒಂದು ಲೆಕ್ಕ ತೆಗೆದರು. ತೊಳೆಯಬೇಕಾದ ಹೊತ್ತಿನಲ್ಲಿ ನಿಜವಾಗಿ ತೊಳೆಯುತ್ತಿದ್ದವರು ನೂರಕ್ಕೆ 48. ಇದು ಸೋಮಾರಿತನವಲ್ಲ ಎಂದು ಅವರಿಗೆ ಕಂಡಿತು. ತೀವ್ರ ನಿಗಾ ವಾರ್ಡಿನ ನರ್ಸು ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ತೊಳೆಯಬೇಕು. ಪ್ರತಿ ಸಲ ನಲ್ಲಿಯ ಬಳಿಗೆ ಹೋಗಿ ಬರುವುದಾದರೆ ರೋಗಿಯನ್ನು ನೋಡುವುದು ಯಾವಾಗ? ಅದಕ್ಕೇ ಆಲ್ಕೋಹಾಲಿನ ದ್ರಾವಣದ ಸೀಸೆಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟರು. ನೂರಕ್ಕೆ 48 ಇದ್ದದ್ದು 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ಅಂಟುವ ಸೋಂಕು ನೂರಕ್ಕೆ ಸುಮಾರು 17ರಿಂದ 10ಕ್ಕೆ ಇಳಿಯಿತು. ಸುಧಾರಿಸಿದವರು ಮುಖ್ಯವಾಗಿ ದಾದಿಯರು. ಡಾಕ್ಟರುಗಳು ಮಾತ್ರ ಇದ್ದಲ್ಲೇ ಇದ್ದರು. ಮೇಗ್ಸ್ ಮಹಾಶಯನ ನೆನಪಾಗುವುದಿಲ್ಲವೇ!

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ತೊಳೆಯುವ ಐದು ಹೊತ್ತುಗಳನ್ನು ಗೊತ್ತುಮಾಡಿತು. ರೋಗಿಯನ್ನು ಮುಟ್ಟುವ ಮುನ್ನ. ಸೂಜಿ, ಗಾಯ, ಮೂತ್ರದ ನಳಿಕೆಯಂಥ ಶುದ್ಧ ಕೆಲಸದ ಮುನ್ನ. ರಕ್ತ, ಮಲಮೂತ್ರ ತಾಗಿದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ರೋಗಿಯ ಮಂಚ, ಮೇಜು ಮುಟ್ಟಿದ ಮೇಲೆ. ಎರಡು 'ಮುನ್ನ', ಮೂರು 'ಮೇಲೆ'. ಲೆಕ್ಕ ತೆಗೆದವರು ಮತ್ತೆ ಮತ್ತೆ ಕಂಡ ಸಂಗತಿಯೆಂದರೆ, ಮುಟ್ಟಿದ ಮೇಲೆ ತೊಳೆಯುವವರು ಹೆಚ್ಚು, ಮುಟ್ಟುವ ಮುನ್ನ ತೊಳೆಯುವವರು ಕಡಿಮೆ. ಪುರುಡಿನ ಮನೆಯ ಬುದ್ಧಿ ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲೂ ಇದೆ. ತನಗೆ ಹತ್ತೀತು ಎಂಬ ಅಂಜಿಕೆ ಕಲಿಸದೆಯೂ ಬರುತ್ತದೆ. ತನ್ನಿಂದ ಹತ್ತೀತು ಎಂಬ ಅಂಜಿಕೆಯನ್ನು ಕಲಿಸಿಯೇ ತರಬೇಕು.

ಕಲಿಸಿದರೆ ಬರುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಹೊಕ್ಕುಳಬಳ್ಳಿಯ ನಂಜಿನಿಂದ ಹಸುಗೂಸುಗಳು ಧನುರ್ವಾಯು ಬಂದು ಸಾಯುತ್ತಿದ್ದ ಕಾಲ ನಮ್ಮ ತಾಯಂದಿರಿಗೆಲ್ಲ ಗೊತ್ತು. ತಾಯಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಜೊತೆಗೆ ಸೂಲಗಿತ್ತಿಯರಿಗೆ ಹೇಳಿಕೊಟ್ಟ ಐದು ಶುಚಿಗಳು: ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಶುಚಿಯಾದ ಹೊಕ್ಕುಳು. ಪಟ್ಟಿಯಲ್ಲಿ ಕೈಯೇ ಮೊದಲು. 2015ರಲ್ಲಿ ಭಾರತ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಣೆಯಾಯಿತು.

ಇನ್ನು ಈಗಿನ ಮಾತು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಪೇಟೆಯ ಖಾಸಗಿ ಆಸ್ಪತ್ರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಹಾಗಲ್ಲ, ಅಲ್ಲಿ ಅದು ಶುಶ್ರೂಷೆ ಬೇಕಾದ ವೃದ್ಧರು ಕೊನೆಯವರೆಗೆ ಇರುವ ಮನೆ. ಮಕ್ಕಳು ದೂರದಲ್ಲಿರುವ ನಮ್ಮ ಊರುಗಳಲ್ಲೂ ಈಗ ಅಂಥ ಮನೆಗಳು ಬಂದಿವೆ. ಬಾಣಂತಿಯಂತೆಯೇ ವೃದ್ಧರೂ ಪರರ ಕೈಗೆ ಮೈಯೊಪ್ಪಿಸಿ ಮಲಗಿದವರು. ಉಣಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಹುಣ್ಣಿಗೆ ಮದ್ದು ಹಚ್ಚುವುದು ಎಲ್ಲವೂ ಒಂದೇ ಕೈ, ಅದೂ ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ. ವಿಯೆನ್ನಾದ ಅದೇ ಸಾಲು.

ನಮ್ಮ ಅತ್ತೆಯವರು ಸೊಂಟದ ಮೂಳೆ ಮುರಿದು ಕೆಲವು ವಾರ ಇಂಥದೊಂದು ಕಡೆ ಇದ್ದರು. ಆಯಾ ಒಳ್ಳೆಯ ಹೆಂಗಸು, ಬೇಸರವಿಲ್ಲದೆ ದುಡಿಯುವವಳು. ಬೆಳಗ್ಗೆ ಹಾಕಿಕೊಂಡ ಗವಸಿನಲ್ಲೇ ಒಬ್ಬರ ಡಯಾಪರ್ ಬದಲಿಸಿ ಮುಂದಿನ ಮಂಚಕ್ಕೆ ಬಂದು ಅತ್ತೆಯ ಬೆನ್ನಿನ ಹುಣ್ಣಿನ ಪಟ್ಟಿ ಬಿಚ್ಚಿದಳು. ನಾನು ತಡೆದಾಗ, "ಗ್ಲೌಸ್ ಇದೆಯಲ್ಲಮ್ಮ, ನನಗೇನೂ ಆಗೋದಿಲ್ಲ" ಎಂದಳು. ನನಗಾಗಿ ಅಲ್ಲ, ಅವಳಿಗಾಗಿಯೇ ನಾನು ಹೆದರಿದ್ದೇನೆ ಎಂದು ತಿಳಿದಿದ್ದಳು ಪಾಪ. ಕೈ ತೊಳೆಯುವ ಬೇಸಿನ್ ಪಡಸಾಲೆಯ ಆ ತುದಿಯಲ್ಲಿತ್ತು, ಅಲ್ಲಿ ಸೋಪಿರಲಿಲ್ಲ. ಹನ್ನೊಂದು ಮಂಚಕ್ಕೆ ಅವಳೊಬ್ಬಳು. ಅವಳನ್ನು ಬೈಯುವುದು ಸುಲಭ. ಸೋಪು ಇಡಬೇಕಾದವರು ಕೋಣೆಯಲ್ಲಿ ಕುಳಿತಿದ್ದರು.

ಸಿರಿವಂತ ದೇಶಗಳಲ್ಲೂ ಇದೇ ಕಥೆ. ಅಮೆರಿಕದ ಮಿಸಿಸಿಪಿ, ನಾರ್ತ್ ಕೆರೊಲಿನಾ, ಲಾಸ್ ಏಂಜಲಿಸ್‌ಗಳ ವೃದ್ಧರ ಶುಶ್ರೂಷಾ ಮನೆಗಳಲ್ಲಿ 2003–04ರಲ್ಲಿ ಸಕ್ಕರೆ ಕಾಯಿಲೆಗೆ ರಕ್ತ ನೋಡುವ ನೆಪದಲ್ಲೇ ಒಬ್ಬರಿಂದೊಬ್ಬರಿಗೆ ಹೆಪಟೈಟಿಸ್-ಬಿ ಹರಡಿತು. 2020ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಕರ್ಕ್‌ಲೆಂಡ್ ಊರಿನ ನರ್ಸಿಂಗ್ ಹೋಮ್ ಒಂದಕ್ಕೆ ಕೊರೊನಾ ಹೊಕ್ಕಿತು. ಮಾರ್ಚಿ 18ರ ಹೊತ್ತಿಗೆ ಅಲ್ಲಿದ್ದ ವೃದ್ಧರಲ್ಲಿ 101 ಮಂದಿಗೆ ತಗುಲಿ 34 ಮಂದಿ ತೀರಿಕೊಂಡಿದ್ದರು. ವಿಚಾರಿಸಿದವರಿಗೆ ಕಂಡ ಕಾರಣಗಳು: ಜ್ವರ ಕೆಮ್ಮು ಇದ್ದರೂ ಕೆಲಸಕ್ಕೆ ಬಂದವರು, ಎರಡು ಮೂರು ಕಡೆ ದುಡಿಯುತ್ತಿದ್ದವರು, ಸಾಕಷ್ಟು ಒದಗದ ಗವಸು, ಮುಸುಕು, ಕೈಗೆ ಹಚ್ಚುವ ದ್ರಾವಣ. ರಜೆ ಹಾಕಿದರೆ ಸಂಬಳವಿಲ್ಲದವರಿಗೆ ಶುಚಿಯ ಪಾಠ ಹೇಳಿ ಪ್ರಯೋಜನವೇನು?

ಕೊರೊನಾ ಕಾಲದಲ್ಲಿ ನಾವೆಲ್ಲ ಕೈ ಸುಲಿಯುವಷ್ಟು ತೊಳೆದೆವು. ಆ ಅಂಜಿಕೆ ಹೋದ ಮೇಲೆ ಅಂಗಡಿ ಬಾಗಿಲ ಸೀಸೆಗಳು ಒಣಗಿದವು. ತಮಗಾಗಿ ತೊಳೆದ ಕೈ ಅಂಜಿಕೆ ಇರುವಷ್ಟು ದಿನ ಮಾತ್ರ ತೊಳೆಯುತ್ತದೆ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಬಾಣಂತಿಯಿದ್ದರೆ ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ಬಳೆ ಉಂಗುರ ಮೇಲೆ ಸರಿಸಿ, ಬೆರಳ ಸಂದು, ಉಗುರಿನ ತುದಿ, ಹೆಬ್ಬೆರಳು ಬಿಡದಂತೆ ಸೋಪಿನಲ್ಲಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಆಲ್ಕೋಹಾಲಿನ ದ್ರಾವಣವಾದರೆ ಅರ್ಧ ನಿಮಿಷ, ಕೈ ತಾನಾಗಿ ಒಣಗುವವರೆಗೆ. ವಾಂತಿಭೇದಿ ಇರುವವರ ಬಳಿ ದ್ರಾವಣವನ್ನು ನೆಚ್ಚಬೇಡಿ. ಆ ಕೆಲವು ರೋಗಾಣುಗಳು ಅದಕ್ಕೆ ಜಗ್ಗುವುದಿಲ್ಲ, ಸೋಪು ನೀರೇ ಆಗಬೇಕು. ಗವಸನ್ನು ಒಬ್ಬರಿಗೆ ಒಂದು ಕೆಲಸಕ್ಕೆ ಮಾತ್ರ ಹಾಕಿ, ತೆಗೆದು ಎಸೆದು, ಮತ್ತೆ ಕೈ ತೊಳೆಯಬೇಕು. ತೊಟ್ಟಿಲ ಮಗುವನ್ನು ನೋಡಲು ಬರುವ ನೆಂಟರಿಗೆ ಅರಿಶಿನ ಕುಂಕುಮದ ತಟ್ಟೆಗಿಂತ ಮುಂಚೆ ನೀರಿನ ತಂಬಿಗೆ ತೋರಿಸಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಪಟ್ಟುಕೊಂಡರೂ ಚಿಂತೆಯಿಲ್ಲ.

ಕಷ್ಟವಾದದ್ದು ಡಾಕ್ಟರನ್ನು, ನರ್ಸನ್ನು ಕೇಳುವುದು. "ಕೈ ತೊಳೆದಿದ್ದೀರಾ?" ಎಂದು ಬಿಳಿ ಕೋಟಿನವರನ್ನು ಕೇಳಲು ನಮಗೆ ನಾಲಿಗೆ ಏಳುವುದಿಲ್ಲ. ವಿಯೆನ್ನಾದ ಆ ಹೆಂಗಸರಿಗೂ ಕೇಳಲಾಗಲಿಲ್ಲ, ಬರೀ ಮೊಣಕಾಲೂರಿದರು. ಮಲಗಿರುವವಳು ಕೇಳಲಾರಳು, ಪಕ್ಕದಲ್ಲಿ ಕುಳಿತವರು ಕೇಳಬೇಕು, ವಿನಯದಿಂದಲೇ ಕೇಳಬೇಕು. ಕೈಗುಣ ಒಳ್ಳೆಯದಿದ್ದವರಿಗೆ ಅದನ್ನು ಕೇಳಿ ಸಿಟ್ಟು ಬರಲಾರದು.